ಸೇತುವೆ ದಾಟಿದ ಕಾರು

ಗೇಟಿಗೆ ಬೆಸುಗೆ ಹಾಕಿಸಲು ಮೊನ್ನೆ ವೆಲ್ಡಿಂಗ್ ಅಂಗಡಿಗೆ ಹೋಗಿದ್ದೆ. ಆ ಸುಟ್ಟ ವಾಸನೆ ಮೂಗಿಗೆ ಬಡಿದದ್ದೇ ತಡ, ಬಾಜೂ ಮನೆಯ ಆಪರೇಟರ್ ಕಾಕಾ ಕಣ್ಣೆದುರು ಬಂದು ನಿಂತರು. ಅವರ ಅಂಗಿಗೆ ಸದಾ ಇಂಥದೇ ವಾಸನೆ...

ನಾನು ಮದುವೆಯಾಗಿ ನವಲಗುಂದದ ಕಡೆಯ ಆ ಊರಿಗೆ ಬಂದ ಹೊಸತು. ತುರ್ತು ಪರಿಸ್ಥಿತಿಯ ಕಾಲ, ಕಟ್ಟೆಯ ಮೇಲೆ ಕೂತವರೂ ದನಿ ತಗ್ಗಿಸಿ ಮಾತಾಡುತ್ತಿದ್ದರು. ಹತ್ತಿ ಬಿಡಿಸಿ ಮುಗಿದ ಮೇಲೆ ಊರಾಚೆಯ ಬಯಲಿಗೆ ಟೆಂಟ್ ಸಿನಿಮಾ ಬರುತ್ತಿತ್ತು. ಅದರ ಮಷಿನ್ ಓಡಿಸುವವರು ಕಾಕಾ. ಎರಡು ಕಾರ್ಬನ್ ಕಡ್ಡಿ ಎದುರುಬದುರು ಉರಿದರೆ ತೆರೆಯ ಮೇಲೆ ಬೆಳಕು. ಕಡ್ಡಿ ತೆಗೆದರೆ ಎಂಥ ಹೀರೋ ಆದರೂ ಕತ್ತಲೆಯೇ ಎಂದು ಮೀಸೆಯಲ್ಲೇ ನಗುತ್ತಿದ್ದರು.

ಆ ವರ್ಷ ಒಂದು ಇಂಗ್ಲಿಷ್ ಪಿಕ್ಚರ್ ಬಂತು. ಹೆಸರಿಗೆ ಯಾರ ನಾಲಿಗೆಯೂ ಹೊರಳದು, ನಮಗೆಲ್ಲ ಅದು ‘ಕಾರಿನ ಪಿಕ್ಚರ್’. ಒಬ್ಬ ಹಟಮಾರಿ ಡ್ರೈವರ್ ಯಾರ ಮಾತೂ ಕೇಳದೆ ಕಾರು ಹೊಡೆಯುತ್ತಾನೆ, ಪೊಲೀಸರು ಬೆನ್ನು ಹತ್ತುತ್ತಾರೆ. ಯಾಕೆ ಎಂಬುದು ನಮಗಾರಿಗೂ ತಿಳಿಯಲಿಲ್ಲ. “ಪಾಪ, ಅವರವ್ವಗ ಆರಾಮಿಲ್ಲ ಅನಸ್ತೈತಿ, ನೋಡಾಕ ಹೊಂಟಾನ” ಎಂದು ನಮ್ಮ ಅತ್ತೆ ತೀರ್ಮಾನ ಕೊಟ್ಟರು. ಕೊನೆಗೆ ಪೊಲೀಸರು ಮುರಿದ ಸೇತುವೆಯ ಕಡೆಗೆ ಅಟ್ಟುತ್ತಾರೆ. ಕಾರು ನೆಗೆಯುತ್ತದೆ, ಹೊಳೆಗೆ ಬೀಳುತ್ತದೆ. ಮೊದಲ ದಿನ ಜನ ಸೀರೆ, ಧೋತರದ ಧೂಳು ಕೂಡ ಕೊಡವದೆ ಸುಮ್ಮನೆ ಮನೆಗೆ ಹೋದರು. ಅತ್ತೆ ರೊಟ್ಟಿ ಮುಟ್ಟಲಿಲ್ಲ.

ಮರುದಿನದಿಂದ ಕಾರು ಬೀಳಲೇ ಇಲ್ಲ! ಸೇತುವೆಯಿಂದ ಹಾರಿ ಗಾಳಿಯಲ್ಲಿದ್ದಾಗಲೇ, ಕಾಕಾ ಯಾವುದೋ ಕನ್ನಡ ಪಿಕ್ಚರಿನಿಂದ ಕತ್ತರಿಸಿ ಅಂಟಿಸಿದ್ದ ‘ಶುಭಂ’ ಬಂತು. ಟೆಂಟ್ ಹರಿದುಹೋಗುವಂತೆ ಸೀಟಿ. ಯಾಕೆ ಹೀಗೆ ಮಾಡಿದಿರಿ ಎಂದು ಹಿತ್ತಿಲ ಗೋಡೆಯ ಮೇಲಿಂದ ಕಾಕಾನನ್ನು ಕೇಳಿದೆ.

“ದಿನಾ ತಲಿ ಬಗ್ಗಿಸಿ ನಡಿಯೂದು ಇದ್ದದ್ದ ಐತೆವಾ ತಂಗಿ. ತೆರಿ ಮ್ಯಾಲರ ಒಬ್ಬಾಂವ ಪಾರಾಗಲಿ” ಎಂದರು.

ಸುತ್ತಲಿನ ಹಳ್ಳಿಗಳಿಂದ ಚಕ್ಕಡಿ ಕಟ್ಟಿಕೊಂಡು ಜನ ಬಂದರು. ಪೊಲೀಸರ ಕೈಗೆ ಸಿಗದವನ ಮಾತು ಸಂತೆಯಲ್ಲೆಲ್ಲ ಹಬ್ಬಿತು. ಠಾಣೆಗೆ ಹೊಸದಾಗಿ ಬಂದಿದ್ದ ಫೌಜದಾರರ ಕಿವಿಗೂ ಬಿತ್ತು. ಒಂದು ಸಂಜೆ ಅವರೇ ಬಂದು ಎಲ್ಲರ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತರು. ಡ್ರೈವರ್ ಸಾಯುವುದನ್ನು ಜನರಿಗೆ ತೋರಿಸಲೇಬೇಕು, ಇಲ್ಲದಿದ್ದರೆ ಟೆಂಟ್ ಕೀಳಿಸುತ್ತೇನೆ ಎಂದು ಮಾಲೀಕನಿಗೆ ತಾಕೀತು. ಮಾಲೀಕ ಕಾಕಾನ ಕೈಹಿಡಿದು ಬೇಡಿಕೊಂಡದ್ದನ್ನು ನಾವು ಹೆಂಗಸರ ಕಡೆಯಿಂದಲೇ ನೋಡಿದೆವು. ಕಾಕಾ ಕೈ ಬಿಡಿಸಿಕೊಂಡು ಮಷಿನ್ ಕಡೆಗೆ ನಡೆದರು.

ಕಾರು ಸೇತುವೆಯಿಂದ ಹಾರಿತು. ಕತ್ತಲೆ.

“ಮುಂದಿಂದು ಹಾಕಲೇ!” ಫೌಜದಾರರು ಗುಡುಗಿದರು.

ಯಾರೋ ಕಂದೀಲು ಹಚ್ಚಿದರು. ಕಾಕಾ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. ಮಷಿನ್ನಿನ ಕಡ್ಡಿ ಕಿತ್ತಿದ್ದರು, ಉಳಿದ ಕಾರ್ಬನ್ ಕಡ್ಡಿಗಳು ಅವರ ಅಂಗಿಯ ಕಿಸೆಯಲ್ಲಿದ್ದವು.

“ಮುಂದಿಂದು ಇಲ್ರಿ ಸಾಹೇಬ್ರ. ಅಂವ ಹೋದ.”

“ಎಲ್ಲಿಗೆ?”

“ಅದನ್ನ ಬೆನ್ನ ಹತ್ತಿದವ್ರನ್ನ ಕೇಳ್ಬೇಕ್ರಿ.”

ಮೊದಲು ನಕ್ಕವಳು ನಾನೇ. ಇವತ್ತಿಗೂ ಅದು ನನ್ನ ಹೆಮ್ಮೆ. ಆಮೇಲೆ ಅತ್ತೆ ನಕ್ಕರು, ಆಮೇಲೆ ಇಡೀ ಟೆಂಟ್. ಅಷ್ಟು ದಿನ ಬಾಯಿ ಹೊಲಿದುಕೊಂಡಿದ್ದ ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಕಾಕಾನನ್ನು ಠಾಣೆಗೆ ಕರೆದೊಯ್ದರು. ಮರುದಿನ ಮುಖ ಬಾತುಕೊಂಡು ಬಂದರು. ಕೆಲಸವೂ ಹೋಗಿತ್ತು. ಮನೆಗೆ ಕೀಲಿ ಹಾಕಿ ಹುಬ್ಬಳ್ಳಿ ಬಸ್ಸಿಗೆ ಹೊರಟಾಗ ಅವರ ಹೆಂಡತಿ, ನಮ್ಮ ಕಾಕು, ಸೆರಗಿನಲ್ಲಿ ಕಣ್ಣೊರೆಸುತ್ತ, “ತಪ್ಪಾತ್ರಿ ಅಂದಿದ್ರ ಎಲ್ಲಾ ಉಳೀತಿತ್ತು” ಎಂದರು.

“ನಾ ಹಂಗಂದಿದ್ರ ಅಂವ ಹೊಳ್ಯಾಗ ಬೀಳ್ತಿದ್ದ” ಎಂದರು ಕಾಕಾ. ಬಾತ ತುಟಿಯಲ್ಲೂ ನಗು ಹಾಗೇ ಇತ್ತು.

ಅವರು ಮತ್ತೆ ಬರಲಿಲ್ಲ. ಎಷ್ಟೋ ವರ್ಷದ ಮೇಲೆ, ತೀರಿಕೊಂಡರೆಂಬ ಸುದ್ದಿಯಷ್ಟೇ ಬಂತು. ಮಣ್ಣಿಗೂ ಹೋಗಲಾಗಲಿಲ್ಲವೆಂಬ ಸಂಕಟ ಇನ್ನೂ ಇದೆ...

ವೆಲ್ಡಿಂಗ್ ಅಂಗಡಿಯಿಂದ ಬಂದವಳು ಮೊಮ್ಮಗನಿಗೆ ಈ ಕಥೆ ಹೇಳಿದೆ. ಅವನು ಕಾರು, ಪೊಲೀಸರು, ಮುರಿದ ಸೇತುವೆ ಅಂತೆಲ್ಲ ಬರೆದು ಆ ಪಿಕ್ಚರನ್ನು ಮೊಬೈಲಿನಲ್ಲಿ ಹುಡುಕಿಯೇ ಬಿಟ್ಟ. ಅದೇ ಕಾರು, ಅದೇ ಧೂಳು. ಸೇತುವೆ ಬಂತು, ಕಾರು ಹಾರಿತು. ನಾನು ಮೊಬೈಲ್ ಕಸಿದುಕೊಂಡು ಬೋರಲು ಹಾಕಿದೆ.

“ಅಜ್ಜಿ, ಇನ್ನೂ ಐತಿ!”

“ಇರಲಿ. ನಮ್ಮ ಕಾಕಾನ ಪಿಕ್ಚರ್ ಇಲ್ಲಿಗೇ ಮುಗೀತೈತಿ.”