ಮೂರು ಸ್ಟೇಡಿಯಂಗಳ ಪ್ರವಾಸ

ಗೆಳೆಯರೇ, ಬೇಸ್‌ಬಾಲ್ ಹುಚ್ಚಿನ ಮಗಳಿಗೆಂದು ತಿಂಗಳಿಡೀ ಕೂತು ಒಂದು ಪ್ರವಾಸ ಹೊಂದಿಸಿದ್ದೆ. ಕೆನಡಾದ ಮಿಸಿಸಾಗದಿಂದ ಕಾರಿನಲ್ಲಿ ಹೊರಟು ಅಮೆರಿಕದ ಡೆಟ್ರಾಯಿಟ್, ಕ್ಲೀವ್‌ಲ್ಯಾಂಡ್, ಪಿಟ್ಸ್‌ಬರ್ಗ್, ದಿನಕ್ಕೊಂದು ಸ್ಟೇಡಿಯಂ. ಮ್ಯಾನೇಜರನ್ನು ಮೂರು ಸಲ ಕೇಳಿ ರಜೆಯನ್ನೂ ಪಡೆದಿದ್ದೆ. ಇವತ್ತು ಊಟಕ್ಕೆ ಕೂತಾಗ ಹೆಮ್ಮೆಯಿಂದ ಎಲ್ಲ ವಿವರಿಸಿದೆ.

ಮಗಳು ಫೋನ್ ನೋಡಿ, "ಅಪ್ಪಾ, ಡಿಡ್ ಯು ಚೆಕ್ ದ ಶೆಡ್ಯೂಲ್? ಆ ವಾರ ಮೂರೂ ಟೀಮ್ ಊರಲ್ಲೇ ಇರಲ್ಲ" ಎಂದಳು.

ದಾರಿ, ಹೋಟೆಲ್, ವೀಸಾ ಎಲ್ಲ ನೋಡಿದ್ದೆ. ಆಟ ಇದೆಯೇ ಎಂದು ಮಾತ್ರ ನೋಡಿರಲಿಲ್ಲ.

ಧಾರವಾಡದವಳಾದ ನನ್ನ ಹೆಂಡತಿ ಸಾರು ಬಡಿಸುತ್ತ, "ಖಾಲಿ ಕುರ್ಚಿ ನೋಡಾಕ ಅಷ್ಟ್ ದೂರ ಹೋಗಬೇಕೇನ್ರೀ?" ಎಂದಳು.

ನಾನು ತಲೆ ಹಿಡಿದು ಕೂತೆ. ಮಗಳಿಗೆ ಪಾಪ ಅನ್ನಿಸಿರಬೇಕು. "ಇಟ್ಸ್ ಓಕೆ ಅಪ್ಪಾ, ಪಾರ್ಕಿಂಗ್ ಆದ್ರೂ ಈಸಿಯಾಗಿ ಸಿಗುತ್ತೆ" ಎಂದಳು.

ಈ ಪ್ರವಾಸದ ಬಗ್ಗೆ ಇದುವರೆಗೆ ಕೇಳಿದ ಒಂದೇ ಒಳ್ಳೆಯ ಮಾತು ಅದು.