ವಾಕರಿಕೆ ನುಂಗಿದ ಕೆಂಚವ್ವ

ಕಿತ್ತೂರಿನ ಹೆದ್ದಾರಿ ಬದಿಯಲ್ಲಿ ಕೆಂಚವ್ವನ ಖಾನಾವಳಿ ಇದೆ. ಲಾರಿ ಚಾಲಕರು ಅಲ್ಲಿ ಮಟನ್ ಸಾರು, ಜೋಳದ ರೊಟ್ಟಿ ಉಣ್ಣಲು ನಿಲ್ಲುತ್ತಾರೆ. ಸಾರು ತುಂಬಿದ ದೊಡ್ಡ ಬೋಗುಣಿಯನ್ನು ಅವಳು ಒಬ್ಬಳೇ ಒಲೆಯಿಂದ ಇಳಿಸುತ್ತಿದ್ದಳು. ತಟ್ಟೆಯಲ್ಲಿ ಅನ್ನ ಬಿಟ್ಟು ಏಳುವವರನ್ನು ಎದುರಿಗೇ ಬೈಯುತ್ತಿದ್ದಳು.

ಹೋದ ವರ್ಷ ಅವಳ ಲಿವರಿನಲ್ಲಿ ಕ್ಯಾನ್ಸರ್ ಗಡ್ಡೆ ಕಂಡಿತು. ಅದು ಗೊತ್ತಾಗುವ ಮೊದಲೇ ಅವಳಿಗೆ ಊಟವೆಂದರೆ ಹೇಸಿಗೆ ಹತ್ತಿತ್ತು. ಒಗ್ಗರಣೆಯ ವಾಸನೆಗೆ ಹೊಟ್ಟೆ ತೊಳಸುತ್ತಿತ್ತು. ತನ್ನದೇ ಕೈಯ ಸಾರು ಚರಂಡಿಯಂತೆ ನಾರುತ್ತಿತ್ತು. ನೀರು ಕುಡಿದರೂ ಬಾಯಲ್ಲಿ ತುಕ್ಕಿನ ರುಚಿ.

ಲಿವರ್ ಕೆಟ್ಟವರಿಗೆ ಗಂಜಿ ಬಿಟ್ಟು ಏನೂ ಕೊಡಬಾರದೆಂದು ಓಣಿಯವರು ಸೊಸೆ ರೇಣುಗೆ ಹೇಳಿದರು. ಅವಳು ಹಾಗೇ ಮಾಡಿದಳು. ಕೆಂಚವ್ವನಿಗೂ ಅದೇ ಬೇಕಾಗಿತ್ತು. ಎರಡು ಗುಟುಕು ಗಂಜಿ ಕುಡಿದು ಗೋಡೆಯ ಕಡೆ ಹೊರಳಿ ಮಲಗಿಬಿಡುತ್ತಿದ್ದಳು. ನೋಡಲು ಬಂದ ಹೆಂಗಸರು ಸಂತೆಯಲ್ಲಿ ಕೋಳಿ ಕೊಳ್ಳುವವರ ಹಾಗೆ ಅವಳ ತೋಳು ಹಿಚುಕುತ್ತಿದ್ದರು. "ಬರೇ ಎಲುಬು ಉಳದಾವಲ್ಲವಾ," ಎಂದು ಲೊಚಗುಟ್ಟಿ, ಅದೇ ಬಾಯಲ್ಲಿ ಚಹಾ ಕೇಳುತ್ತಿದ್ದರು. ಅವರ ಬೆವರು ಕೈ ತಾಗಿದ ಜಾಗವನ್ನು ಅವಳು ಸೆರಗಿನಿಂದ ಉಜ್ಜಿಕೊಳ್ಳುತ್ತಿದ್ದಳು.

ಚಿಕಿತ್ಸೆಗೆಂದು ಧಾರವಾಡಕ್ಕೆ ಹೋದಾಗ ಡಾಕ್ಟರಮ್ಮ ಕೈ ಊರದೆ ಕುರ್ಚಿಯಿಂದ ಏಳಲು ಹೇಳಿದಳು. ಕೆಂಚವ್ವನಿಗೆ ಆಗಲಿಲ್ಲ.

"ತೂಕ ಏನೂ ಕಡಿಮಿ ಆಗಿಲ್ರಿ ಮೇಡಂ," ಎಂದಳು ರೇಣು.

"ಹೊಟ್ಟ್ಯಾಗ ನೀರು ತುಂಬೇತಿ, ಅದಕ್ಕ ತೂಕ ಹಂಗ ಕಾಣತೈತಿ. ತೊಡಿ ನೋಡ್ರಿ, ಮಾಂಸಖಂಡ ಕರಗಿ ಹೋಗೇತಿ. ಇಂಥಾ ಮೈಗೆ ಗಡ್ಡಿ ಔಷಧಿ ಕೊಟ್ರ ತಡಕೊಳ್ಳೂದಿಲ್ಲ. ಗಡ್ಡಿಯಷ್ಟ ಇದೂ ಜೀವಕ್ಕ ಕುತ್ತು."

ಮೈಗೆ ಬಲ ಬರುವವರೆಗೆ ಚಿಕಿತ್ಸೆಯನ್ನು ಮುಂದಕ್ಕೆ ಹಾಕಿದರು. ತತ್ತಿ, ಬೇಳೆ, ಮೊಸರು, ಶೇಂಗಾ ದಿನವಿಡೀ ಸ್ವಲ್ಪ ಸ್ವಲ್ಪ ತಿನ್ನಬೇಕು, ಉಪ್ಪು ಕಡಿಮೆ, ಮಲಗುವ ಮುಂಚೆಯೂ ಏನಾದರೂ ತಿನ್ನಬೇಕು ಎಂದಳು ಡಾಕ್ಟರಮ್ಮ. ಬಿಸಿ ಅಡುಗೆಯ ವಾಸನೆ ತಡೆಯಲಾಗದಿದ್ದರೆ ತಣ್ಣಗಾದ ಮೇಲೆ ತಿನ್ನಲು ಹೇಳಿದಳು.

ಬಸ್ಸಿನಲ್ಲಿ ರೇಣು ಅತ್ತಳು. "ನಾನ ನಿಮ್ಮನ್ನ ಉಪವಾಸ ಕೆಡವಿದೆ, ಅತ್ತಿ."

"ನೀ ಏನ್ ಮಾಡ್ತಿ? ನಾನ ಬಾಯಿ ತೆರಿಲಿಲ್ಲ. ತಿನ್ನೂದಂದ್ರ ಹೇಸಿಕಿ ಬರತೈತಿ ನನಗ."

ಮರುದಿನದಿಂದ ಅವಳು ಅಡುಗೆಮನೆ ಬಿಟ್ಟು ಹಿತ್ತಲಿನಲ್ಲಿ ಕೂತು ತಿನ್ನತೊಡಗಿದಳು. ಪಕ್ಕದಲ್ಲಿ ಒಂದು ಬಕೀಟು. ಕುದಿಸಿ ಆರಿಸಿದ ತತ್ತಿಯ ಬಿಳಿಭಾಗ ನಾಲಗೆ ಮೇಲೆ ಜಾರಿದರೆ ಮೈಯೆಲ್ಲ ಮುದುಡುತ್ತಿತ್ತು. ಕಣ್ಣು ಮುಚ್ಚಿ ನುಂಗುತ್ತಿದ್ದಳು. ಎಷ್ಟೋ ಸಲ ಅದು ಹಾಗೇ ಹೊರಬಂದು ಸೀರೆ ಕೆಡುತ್ತಿತ್ತು. ತನ್ನ ವಾಂತಿಯ ನಾತಕ್ಕೆ ಮತ್ತೆ ವಾಂತಿ. ಬಾಯಿ ಮುಕ್ಕಳಿಸಿ, ಸೀರೆ ಬದಲಿಸಿ, ಬಂದು ಮತ್ತೆ ಅಲ್ಲೇ ಕೂರುತ್ತಿದ್ದಳು.

ಗಂಡ ದುರ್ಗಪ್ಪನಿಗೆ ಅದನ್ನು ನೋಡಲಾಗಲಿಲ್ಲ. "ಸಾಕ್ ಬಿಡ. ಯಾಕ ಇಷ್ಟು ಹಿಂಸೆ ಪಡತಿ?"

"ನೋಡಾಕ ಆಗ್ಲಿಲ್ಲಂದ್ರ ಹೊರಗ ಹೋಗು," ಎಂದಳು ಕೆಂಚವ್ವ.

ಬೀಗರೊಬ್ಬರು ತಂದುಕೊಟ್ಟ ಬೇರಿನ ಹಸಿರು ಕಷಾಯವನ್ನು ಅವರೆದುರೇ ಗಟಾರಿಗೆ ಸುರಿದಳು. ಬಾಗಿಲ ಚೌಕಟ್ಟು ಹಿಡಿದು ಕೂರುವುದು, ಏಳುವುದು ರೂಢಿ ಮಾಡಿಕೊಂಡಳು. ಸಂಜೆ ರೇಣುವಿನ ಹೆಗಲ ಮೇಲೆ ಕೈಯಿಟ್ಟು ಕೋಟೆಯ ಕಡೆ ನಡೆಯುತ್ತಿದ್ದಳು. ಮೊದಮೊದಲು ಓಣಿ ದಾಟುವಷ್ಟರಲ್ಲಿ ಯಾರದೋ ಕಟ್ಟೆಯ ಮೇಲೆ ಕೂತುಬಿಡುತ್ತಿದ್ದಳು. ಬರಬರುತ್ತಾ ಹೆಗಲು ಬೇಡವಾಯಿತು.

ಮಳೆಗಾಲ ಮುಗಿಯುವ ಹೊತ್ತಿಗೆ ಅವಳು ಡಾಕ್ಟರಮ್ಮನ ಎದುರು ಕೈ ಊರದೆ ಕುರ್ಚಿಯಿಂದ ಎದ್ದಳು. ಹೊಟ್ಟೆಯ ನೀರೂ ಇಳಿದಿತ್ತು. ಗಡ್ಡೆಗೆ ರಕ್ತ ಹೋಗುವ ನಾಳದಲ್ಲಿ ಔಷಧಿ ಬಿಟ್ಟರು. ಆಮೇಲಿನ ಸ್ಕ್ಯಾನಿನಲ್ಲಿ ಗಡ್ಡೆ ಕುಗ್ಗಿತ್ತು, ಹೋಗಿರಲಿಲ್ಲ.

"ಉಳಿತೇನೇನ್ರಿ?" ಎಂದು ಕೇಳಿದಳು.

"ಖಾತ್ರಿ ಹೇಳಾಕ ಆಗೂದಿಲ್ರಿ. ಆದ್ರ ಆವಾಗ ಇಲ್ಲದ ದಾರಿ ಈಗ ಐತಿ."

ಈ ವರ್ಷ ಎರಡನೆಯ ಸಲವೂ ಔಷಧಿ ಬಿಟ್ಟಿದ್ದಾರೆ. ಖಾನಾವಳಿಯ ಒಲೆ ಈಗ ರೇಣುವಿನದು. ವಾಸನೆ ಬಾರದ ಕಡೆ, ಹೊರಗೆ ರಸ್ತೆಯ ಗಾಳಿಗೆ ಕುರ್ಚಿ ಹಾಕಿಕೊಂಡು ಕೆಂಚವ್ವ ಗಿರಾಕಿಗಳನ್ನು ವಿಚಾರಿಸುತ್ತಾಳೆ. ಬಾಯಿಗೆ ರುಚಿ ಮರಳಿ ಬಂದಿಲ್ಲ. ತಟ್ಟೆ ಕಂಡರೆ ಇಂದಿಗೂ ಮುಖ ಕಿವುಚುತ್ತಾಳೆ, ಹೊತ್ತಿಗೆ ಸರಿಯಾಗಿ ಅದನ್ನು ಖಾಲಿ ಮಾಡುತ್ತಾಳೆ.