ಬಿಸಿ ಅನ್ನಬಾರ್ದು ಪುಟ್ಟಿ

ಕುವೈತಿಗೆ ಬಂದ ಮೊದಲ ಬೇಸಿಗೆಯಲ್ಲಿ ತಣ್ಣೀರಿನ ನಲ್ಲಿ ತಿರುಗಿಸಿದರೆ ಕೈ ಸುಟ್ಟಿತು. ನನ್ನ ಕೂಗು ಕೇಳಿ ಓಡಿಬಂದ ಪಕ್ಕದ ಫ್ಲಾಟಿನ ವಾರಿಜಕ್ಕ, ಉಡುಪಿ ಕಡೆಯವರು, ನಗುತ್ತಾ ಪಾಠ ಹೇಳಿದರು. ಇಲ್ಲಿ ತಾರಸಿಯ ಟ್ಯಾಂಕಿನ ನೀರು ಬಿಸಿಲಿಗೆ ಕಾದು ಹೋಗುತ್ತದೆ. ಗೀಸರ್ ಆರಿಸಿಟ್ಟರೆ ಅದರೊಳಗೆ ನಿಂತ ನೀರೇ ತಂಪು. ಹಾಗಾಗಿ ಬೇಸಿಗೆಯಲ್ಲಿ ತಣ್ಣೀರು ಬೇಕಾದರೆ ಕೆಂಪು ಗುರುತಿನ ನಲ್ಲಿ. ಮೈಸೂರಿನಲ್ಲಿ ಹಂಡೆಯ ಬಿಸಿನೀರಿಗೆ ಸರದಿ ಕಾದು ಬೆಳೆದವಳಿಗೆ ನಾವಿದ್ದ ಈ ರಿಗ್ಗೈ ಬಡಾವಣೆಯೇ ತಲೆಕೆಳಗಾಗಿ ನಿಂತ ಹಾಗೆ ಕಂಡಿತು.

ಮಾತಿನಲ್ಲೂ ಅದೇ ಕಥೆ. ನಮಗೆ ನೀರು ಬಿಸಿ, ಸಾರು ಖಾರ, ಏಪ್ರಿಲ್ ಸೆಕೆ, ಪಪ್ಪಾಯಿ ಉಷ್ಣ, ಮಕ್ಕಳ ಪರೀಕ್ಷೆ ತಲೆಬಿಸಿ. ಇಲ್ಲಿನ ಅರಬಿಯಲ್ಲಿ ಹವೆಗೂ ಮೆಣಸಿನಕಾಯಿಗೂ ‘ಹಾರ್’ ಒಂದೇ. ನಾನು ಕೆಲಸ ಮಾಡುವ ಕ್ಲಿನಿಕ್ಕಿನಲ್ಲಿ ಅರಬ್ ಸಹೋದ್ಯೋಗಿಯೊಬ್ಬಳು ನನ್ನ ಪುಳಿಯೋಗರೆ ತಿಂದು ‘ಹಾರ್, ಹಾರ್’ ಎಂದಾಗ ನಾನು ಎದ್ದು ಹೋಗಿ ಎಸಿ ಜಾಸ್ತಿ ಮಾಡಿದ್ದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಆಗಲೇ ನನಗೆ ಬುದ್ಧಿ ಬರಬೇಕಿತ್ತು.

ಮಗಳು ನಿಧಿಗೆ ಆಗ ನಾಲ್ಕು ವರ್ಷ. ಶಾಲೆಯಲ್ಲಿ ಹಾಲು ಕೊಟ್ಟಾಗ ‘ಬಿಸಿ, ಬಿಸಿ’ ಎಂದು ಲೋಟ ತಳ್ಳಿದಳಂತೆ. ಟೀಚರಿಗೆ ಅದು ‘ಬ್ಯುಸಿ’ ಎಂದು ಕೇಳಿಸಿ, ನನಗೆ ಬೇಕಾದಷ್ಟು ಬಿಡುವಿದೆ ಮರಿ ಎಂದರಂತೆ. ಗೇಟಿನಲ್ಲಿ ಅವರು ಇದನ್ನು ತಮಾಷೆಯಾಗಿಯೇ ಹೇಳಿದರು, ನನಗೆ ಮಾತ್ರ ನಾಚಿಕೆಯಾಯಿತು. ಮನೆಗೆ ಬಂದು ಅವಳನ್ನು ಕೂರಿಸಿಕೊಂಡೆ.

“ಬಿಸಿ ಅನ್ನಬಾರ್ದು ಪುಟ್ಟಿ. ಹಾಟ್ ಅನ್ನು.”

ಮೂರು ದಿನ ಹೇಳಿಸಿದೆ. ನಾಲ್ಕನೆಯ ದಿನ ತಾನಾಗಿಯೇ ಹಾಟ್ ಎಂದಳು, ನಾನು ಮುತ್ತು ಕೊಟ್ಟೆ. ಬರಬರುತ್ತಾ ಕನ್ನಡ ಅವಳ ಕಿವಿಯಲ್ಲಷ್ಟೇ ಉಳಿಯಿತು. ಸಾರೂ ಹಾಟ್, ಹಾಲೂ ಹಾಟ್.

ಕಳೆದ ಜನವರಿಯ ಚಳಿಯಲ್ಲಿ, ಏಳು ವರ್ಷದ ನಿಧಿಗೆ ನೆಗಡಿ ಹಿಡಿಯಿತು. ಮೆಣಸು ಜೀರಿಗೆಯ ಕಷಾಯ ಮಾಡಿ ಫ್ಲಾಸ್ಕಿಗೆ ಹಾಕಿಟ್ಟಿದ್ದೆ. ಡ್ಯೂಟಿಗೆ ಹೊರಡುವ ಗಡಿಬಿಡಿಯಲ್ಲಿ ಅದನ್ನು ಹಿಡಿಕೆಯ ಕಪ್ಪಿಗೆ ಬಗ್ಗಿಸಿ ಕೊಟ್ಟೆ. ನಮ್ಮಮ್ಮನಾಗಿದ್ದರೆ ಎರಡು ಲೋಟಗಳಲ್ಲಿ ಎತ್ತಿ ಹೊಯ್ದು ಆರಿಸಿ, ಮೊದಲು ತನ್ನ ನಾಲಿಗೆಗೆ ಒಂದು ಹನಿ ಬಿಟ್ಟುಕೊಂಡು ನೋಡುತ್ತಿದ್ದಳು.

“ಇಟ್ಸ್ ಹಾಟ್, ಅಮ್ಮ.”

ಮೆಣಸಿನ ಖಾರಕ್ಕೆ ರಾಗ ಎಳೆಯುತ್ತಿದ್ದಾಳೆ ಅಂದುಕೊಂಡೆ. “ಒಂದೇ ಗುಟುಕಿಗೆ ಕುಡಿದ್ಬಿಡು, ಗೊತ್ತಾಗಲ್ಲ.”

ಹೇಳಿದ ಮಾತು ಕೇಳುವ ಮಗು. ಕುಡಿದಳು.

ನಾಲಿಗೆಯ ಮೇಲೆಲ್ಲ ಬೊಬ್ಬೆ ಎದ್ದಿತು. ವಾರದಲ್ಲಿ ಮಾಯುತ್ತದೆ ಎಂದರು ಡಾಕ್ಟರು, ಮಾಯಿತು ಕೂಡ. ಆದರೆ ಅಂದು ಅವಳನ್ನು ತೊಡೆಯ ಮೇಲೆ ಹಾಕಿಕೊಂಡು, ಖಾರ ಅಂದ್ಕೊಂಡೆ ಕಣೆ, ಬಿಸಿ ಅಂತ ಹೇಳೋದಲ್ವಾ ಎಂದು ನಾನು ಅತ್ತಾಗ, ಅವಳು ತೊದಲುತ್ತಾ ಹೇಳಿದ್ದು ಮಾಯುತ್ತಿಲ್ಲ.

“ಯೂ ಟೋಲ್ಡ್ ಮಿ ನಾಟ್ ಟು ಸೇ ಬಿಸಿ.”

ದೂರುವ ದನಿಯೇ ಅಲ್ಲ ಅದು. ನಾನು ಕಲಿಸಿದ ಪಾಠವನ್ನು ಒಪ್ಪಿಸಿದಳು, ಅಷ್ಟೆ.

ವಿಡಿಯೊ ಕಾಲ್ ಮಾಡಿದ ಅಮ್ಮ, ಮಗು ಯಾಕೆ ಸಪ್ಪಗಿದೆ ಎಂದು ಕೇಳಿದಳು. ನಾಲಿಗೆ ಕಚ್ಚಿಕೊಂಡಳು ಎಂದುಬಿಟ್ಟೆ. ನಿಧಿಗೆ ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ. ನನ್ನ ಮುಖವನ್ನೇ ನೋಡಿದಳು. ಆ ಸುಳ್ಳನ್ನು ನಾನಿನ್ನೂ ತಿದ್ದಿಲ್ಲ. ಅಮ್ಮ ಇದನ್ನು ಓದಿದರೆ ಇಲ್ಲೇ ಗೊತ್ತಾಗಲಿ.

ಈಗ ಮತ್ತೆ ಬೇಸಿಗೆ. ಮೊನ್ನೆ ಯಾವುದೋ ಯೋಚನೆಯಲ್ಲಿ, ಮೈಸೂರಿನ ಮನೆಯಲ್ಲಿದ್ದವಳ ಹಾಗೆ, ನೀಲಿ ಗುರುತಿನ ನಲ್ಲಿ ತಿರುಗಿಸಿ ಕೈ ಚಾಚಿದೆ. ಹಿಂದೆ ನಿಂತಿದ್ದ ನಿಧಿ ನನ್ನ ಮೊಣಕೈ ಹಿಡಿದೆಳೆದಳು.

“ಅಮ್ಮ, ಬಿಸಿ. ಹಾಟ್.”

ಎರಡನ್ನೂ ಹೇಳಿದಳು. ಈ ಅಮ್ಮನಿಗೆ ಯಾವ ಊರಿನ ಮಾತು ತಿಳಿಯುತ್ತದೋ ಎಂದು ಅವಳಿಗಿನ್ನೂ ಅನುಮಾನ.